ಅಂಕ ಅಂಗಡಿಯಲ್ಲಿ ಸಿಗೋದಿಲ್ಲ

ಹೊರದೇಶಕ್ಕೆ ಹೋಗಬಯಸುವ ಮಕ್ಕಳ ತಾಯಂದಿರಿಗೆ ಕೆಲವು ಮಾತು

(ಅರಸೀಕೆರೆ, ಬೇಲೂರು ಮತ್ತು ಹಳೇಬೀಡು ವಲಯಗಳ ಮಹಿಳಾ ಸ್ವ-ಸಹಾಯ ಸಂಘಗಳ ಜಂಟಿ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಬೆಳಗ್ಗೆಯಿಂದ ಉಳಿತಾಯ, ಸಾಲ ಮರುಪಾವತಿ, ಪುಸ್ತಕ ಬರವಣಿಗೆ ಅಂತ ಕೇಳಿ ಕೇಳಿ ನಿಮಗೆ ಸಾಕಾಗಿರಬಹುದು. ನನಗೆ ಕೊಟ್ಟಿರುವ ವಿಷಯ ಸ್ವಲ್ಪ ಬೇರೆ. ಕೆನಡಾ, ಆಸ್ಟ್ರೇಲಿಯಾ, ಜರ್ಮನಿಯಂಥ ದೇಶಗಳು ಕೆಲಸ ಬಲ್ಲವರನ್ನು ಅಂಕ ಹಾಕಿ ಆರಿಸಿಕೊಳ್ಳುತ್ತವೆ. ಆ ಅಂಕ ಹೇಗೆ ಬರುತ್ತೆ, ಅದನ್ನು ಹೆಚ್ಚಿಸಿಕೊಳ್ಳೋದು ಹೇಗೆ ಅನ್ನೋದೇ ಇವತ್ತಿನ ಮಾತು.

"ಇದು ಸಂಘದ ಸಭೆಯಲ್ಲಿ ಯಾಕೆ?" ಅಂತ ನೀವು ಕೇಳಬಹುದು. ಕಾರಣ ಇದೆ. ನಮ್ಮ ಹೆಣ್ಣುಮಕ್ಕಳು ನರ್ಸಿಂಗ್ ಓದಿದ್ದಾರೆ. ಗಂಡುಮಕ್ಕಳು ಐಟಿಐ, ಡಿಪ್ಲೊಮಾ, ಇಂಜಿನಿಯರಿಂಗ್ ಮುಗಿಸಿದ್ದಾರೆ. ತೆಂಗಿನ ತೋಟಕ್ಕೆ ರೋಗ ಬಂದಿದೆ, ಮಳೆ ನಂಬೋ ಹಾಗಿಲ್ಲ, ಬೇಲೂರು ಕಡೆ ಆನೆ ಕಾಟ. ಹಾಗಾಗಿ ಮಕ್ಕಳು ಹೊರಗೆ ನೋಡೋದು ಸಹಜ. ಆದರೆ ಅವರು ಹೊರಡೋಕೆ ಮೊದಲ ದುಡ್ಡು ಎಲ್ಲಿಂದ ಬರುತ್ತೆ? ತಾಯಿಯ ಸಂಘದ ಸಾಲದಿಂದ, ತಾಯಿಯ ಕಿವಿಯ ಓಲೆಯಿಂದ, ತೋಟದ ಕಾಗದ ಅಡ ಇಟ್ಟಿದ್ದರಿಂದ. ಆ ದುಡ್ಡು ಸರಿಯಾದ ಜಾಗಕ್ಕೆ ಹೋದರೆ ಮಗಳ ಬಾಳು ಬದಲಾಗುತ್ತೆ. ತಪ್ಪು ಕೈಗೆ ಹೋದರೆ ಸಾಲ ಮಾತ್ರ ಉಳಿಯುತ್ತೆ, ಮರುಪಾವತಿಗೆ ಸಂಘದ ಉಳಿದ ಸದಸ್ಯೆಯರೂ ಸಿಕ್ಕಿಬೀಳ್ತಾರೆ. ಆದ್ದರಿಂದ ಇದು ಸಂಘದ ವಿಷಯವೇ.

ಅಂಕ ಅಂದರೆ ಏನು?

ನಿಮಗೆ ಇದು ಹೊಸದೇನಲ್ಲ. ಬ್ಯಾಂಕಿನವರು ಸಾಲ ಕೊಡುವ ಮೊದಲು ನಮ್ಮ ಸಂಘಕ್ಕೆ ಗ್ರೇಡಿಂಗ್ ಮಾಡ್ತಾರಲ್ಲ, ಅದನ್ನೇ ನೆನಪು ಮಾಡಿಕೊಳ್ಳಿ. ಸಭೆ ತಪ್ಪದೆ ನಡೆದಿದೆಯಾ, ಅದಕ್ಕಿಷ್ಟು. ಹಾಜರಾತಿ ಎಷ್ಟು, ಅದಕ್ಕಿಷ್ಟು. ಉಳಿತಾಯ, ಆಂತರಿಕ ಸಾಲ, ಮರುಪಾವತಿ, ನಡಾವಳಿ ಪುಸ್ತಕ, ಒಂದೊಂದಕ್ಕೂ ಇಷ್ಟಿಷ್ಟು ಅಂಕ. ಎಲ್ಲಾ ಕೂಡಿಸಿ ಸಾಲ ಕೊಡಬಹುದಾ ಅಂತ ತೀರ್ಮಾನ. ಗ್ರೇಡಿಂಗ್‌ಗೆ ಹಿಂದಿನ ದಿನ ರಾತ್ರಿ ಕೂತು ಎರಡು ವರ್ಷದ ನಡಾವಳಿ ಬರೆದರೆ ನಡೆಯುತ್ತಾ? ಮ್ಯಾನೇಜರ್ ಶಾಯಿ ನೋಡಿಯೇ ಹೇಳಿಬಿಡ್ತಾರೆ. ವಾರ ವಾರ ಕೂತು ಬರೆದ ಸಂಘಕ್ಕೆ ಮಾತ್ರ ಅಂಕ ಬರುತ್ತೆ.

ಹೊರದೇಶದ ಅಂಕವೂ ಹೀಗೆಯೇ. ವಯಸ್ಸಿಗೆ ಇಷ್ಟು, ಓದಿಗೆ ಇಷ್ಟು, ಭಾಷೆಗೆ ಇಷ್ಟು, ಕೆಲಸದ ಅನುಭವಕ್ಕೆ ಇಷ್ಟು ಅಂತ ಅವರು ಮೊದಲೇ ಬರೆದಿಟ್ಟು ಎಲ್ಲರಿಗೂ ತಿಳಿಸಿದ್ದಾರೆ. ಗುಟ್ಟು ಏನೂ ಇಲ್ಲ.

ಈ ಪದ್ಧತಿಯನ್ನು ಪ್ರಪಂಚದಲ್ಲಿ ಮೊದಲು ತಂದಿದ್ದು ಕೆನಡಾ, 1967ರಲ್ಲಿ. ಅದಕ್ಕೆ ಮುಂಚೆ ಅಲ್ಲಿ ಯುರೋಪಿನಿಂದ ಬರುವ ಬಿಳಿಯರಿಗೇ ಆದ್ಯತೆ ಇತ್ತು. ಆಸ್ಟ್ರೇಲಿಯಾ ಕೂಡ ಬಿಳಿಯರಿಗೆ ಮಾತ್ರ ಅನ್ನೋ ನೀತಿಯನ್ನು 1973ರಲ್ಲಿ ಕೈಬಿಟ್ಟು, 1979ರಲ್ಲಿ ಅಂಕದ ಪದ್ಧತಿಗೆ ಬಂತು. ಹುಟ್ಟಿದ ಊರು, ಮೈಬಣ್ಣ ನೋಡುವ ಬದಲು ಏನು ಓದಿದ್ದೀಯ, ಏನು ಕೆಲಸ ಬಲ್ಲೆ ಅಂತ ಕೇಳೋಕೆ ಶುರುಮಾಡಿದರು. ನಮ್ಮಂಥವರ ಮಕ್ಕಳಿಗೆ ಬಾಗಿಲು ತೆರೆದದ್ದು ಹೀಗೆ.

ಒಂದು ಲೆಕ್ಕ ಹಾಕೋಣ

ಲೆಕ್ಕ ಇಲ್ಲದೆ ಮಾತಾಡಿದರೆ ನಿಮಗೆ ಹಿಡಿಸೋದಿಲ್ಲ ಅಂತ ಗೊತ್ತು. ಕೆನಡಾದ ಲೆಕ್ಕವನ್ನೇ ತೆಗೆದುಕೊಳ್ಳೋಣ. 2015ರ ಜನವರಿಯಿಂದ ಅಲ್ಲಿ ಎಕ್ಸ್‌ಪ್ರೆಸ್ ಎಂಟ್ರಿ ಅನ್ನೋ ಪದ್ಧತಿ ಇದೆ. ಒಟ್ಟು 1,200 ಅಂಕ. ಅರ್ಹರಾದವರೆಲ್ಲಾ ಹೆಸರು ಹಾಕಿಕೊಂಡು ಸಾಲಿನಲ್ಲಿ ಇರ್ತಾರೆ. ಆಗಾಗ ಸರ್ಕಾರದವರು ಮೇಲಿನಿಂದ ಇಷ್ಟು ಜನ ಅಂತ ಕರೀತಾರೆ. ಹೆಸರು ಹಾಕೋಕೆ ದುಡ್ಡು ಕೊಡಬೇಕಾಗಿಲ್ಲ, ಅದು ಉಚಿತ.

ನಮ್ಮ ಕಡೆಯ ಒಬ್ಬ ಹುಡುಗಿ ಅಂತ ಇಟ್ಟುಕೊಳ್ಳಿ. ವಯಸ್ಸು 29. ಮದುವೆ ಆಗಿಲ್ಲ. ಬಿ.ಎಸ್ಸಿ. ನರ್ಸಿಂಗ್ ಓದಿದ್ದಾಳೆ. ಆಸ್ಪತ್ರೆಯಲ್ಲಿ ಮೂರು ವರ್ಷ ಕೆಲಸ ಮಾಡಿದ್ದಾಳೆ.

ವಯಸ್ಸಿಗೆ 110 ಅಂಕ. 20ರಿಂದ 29ರವರೆಗೆ ಇದೇ ಪೂರ್ತಿ ಅಂಕ.
ಪದವಿಗೆ 120 ಅಂಕ.

ಇನ್ನು ಇಂಗ್ಲಿಷ್. ಐಇಎಲ್‌ಟಿಎಸ್ ಅನ್ನೋ ಪರೀಕ್ಷೆಯಲ್ಲಿ ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ಅಂತ ನಾಲ್ಕು ಭಾಗ. ನಾಲ್ಕರಲ್ಲೂ 6 ಬಂದರೆ 68 ಅಂಕ. ಭಾಷೆಗೂ ಓದಿಗೂ, ಭಾಷೆಗೂ ಅನುಭವಕ್ಕೂ ಜೋಡಿಸಿ ಇನ್ನೂ 38 ಅಂಕ ಸೇರುತ್ತೆ. ಒಟ್ಟು 336.

ಅದೇ ಹುಡುಗಿ ಆರೇಳು ತಿಂಗಳು ಕಷ್ಟಪಟ್ಟು ಓದಿ ಕೇಳುವುದರಲ್ಲಿ 8, ಉಳಿದ ಮೂರರಲ್ಲಿ 7 ತೆಗೆದಳು ಅಂತ ಇಟ್ಟುಕೊಳ್ಳಿ. ಭಾಷೆಗೆ 124 ಅಂಕ. ಜೋಡಣೆಯ ಅಂಕ 75. ಒಟ್ಟು 429.

ನೋಡಿದಿರಾ? ವಯಸ್ಸು ಅದೇ, ಓದು ಅದೇ, ಆಸ್ಪತ್ರೆ ಅದೇ. ಇಂಗ್ಲಿಷ್ ಒಂದರಿಂದಲೇ 93 ಅಂಕ ಹೆಚ್ಚಾಯ್ತು. ಈ 93 ಅಂಕವನ್ನು ಯಾವ ಏಜೆಂಟೂ ಕೊಡಿಸಲಾರ. ಪರೀಕ್ಷೆಗೆ ಕಟ್ಟಬೇಕಾದ್ದು ಹದಿನೆಂಟು ಸಾವಿರದ ಆಸುಪಾಸು.

429 ಇದ್ದರೆ ಕರೆ ಬಂದೇ ಬರುತ್ತಾ? ಇಲ್ಲ, ಹಾಗೆ ಹೇಳಿದರೆ ಸುಳ್ಳಾಗುತ್ತೆ. 2023ರಿಂದ ಕೆನಡಾದವರು ಆರೋಗ್ಯ ಕ್ಷೇತ್ರದವರನ್ನು ಬೇರೆಯಾಗಿಯೂ ಕರೀತಿದ್ದಾರೆ. 2024ರ ಫೆಬ್ರವರಿಯಲ್ಲಿ ಹಾಗೆ ಕರೆದಾಗ 422 ಅಂಕ ಇದ್ದವರಿಗೂ ಸಿಕ್ಕಿತು. 2025ರ ಆಗಸ್ಟ್‌ನಲ್ಲಿ 470 ಬೇಕಾಯ್ತು. ಅಂದರೆ ನಮ್ಮ ಹುಡುಗಿ ಒಂದು ಸಲ ಒಳಗೆ, ಇನ್ನೊಂದು ಸಲ ಹೊರಗೆ. ಗೆರೆ ಮೇಲೆ ಕೆಳಗೆ ಆಗ್ತಾ ಇರುತ್ತೆ. ಆದ್ದರಿಂದಲೇ ಒಂದೊಂದು ಅಂಕವನ್ನೂ ಕೂಡಿಡಬೇಕು. "ಗ್ಯಾರಂಟಿ" ಅಂತ ಯಾರಾದರೂ ಹೇಳಿದರೆ ಆ ಮಾತಿಗೇ ಎದ್ದು ಬನ್ನಿ.

ಅಂಕ ಬೆಳೆಸುವ ದಾರಿಗಳು

ಒಂದು: ವಯಸ್ಸು ಕಾಯೋದಿಲ್ಲ. 30 ತುಂಬಿದ ಮೇಲೆ ಕೆನಡಾದಲ್ಲಿ ವರ್ಷ ವರ್ಷ ಅಂಕ ಇಳೀತಾ ಹೋಗುತ್ತೆ. ಮದುವೆ ಆಗದವರಿಗೆ 35ಕ್ಕೆ 77, 40ಕ್ಕೆ 50, 45ಕ್ಕೆ ಸೊನ್ನೆ. ಆಸ್ಟ್ರೇಲಿಯಾದಲ್ಲಿ 25ರಿಂದ 32ರವರೆಗೆ 30 ಅಂಕ, 40 ದಾಟಿದರೆ 15, 45 ತುಂಬಿದರೆ ಅರ್ಜಿಯೇ ಹಾಕುವ ಹಾಗಿಲ್ಲ. "ಮದುವೆ ಆಗಲಿ, ಮಗು ದೊಡ್ಡದಾಗಲಿ, ಆಮೇಲೆ ನೋಡೋಣ" ಅಂದರೆ ಆ ಆಮೇಲೆ ಅನ್ನೋದಕ್ಕೆ ಅಂಕ ಇರೋದಿಲ್ಲ. ಹೋಗುವ ಮನಸ್ಸಿದ್ದರೆ 22-23ನೇ ವಯಸ್ಸಿಗೇ ತಯಾರಿ ಶುರುವಾಗಬೇಕು.

ಎರಡು: ಓದು ಒಂದು ಮೆಟ್ಟಿಲು ಹೆಚ್ಚಲಿ. ಮೊದಲ ಪದವಿಯ ಜೊತೆಗೆ ಇನ್ನೊಂದು ಮಾನ್ಯತೆ ಪಡೆದ ಕೋರ್ಸ್ ಇದ್ದರೆ ಕೆನಡಾದಲ್ಲಿ ಓದಿನ ಅಂಕ 128ಕ್ಕೆ ಏರುತ್ತೆ, ಜೋಡಣೆಯ ಅಂಕವೂ 25 ಹೆಚ್ಚುತ್ತೆ. ನಮ್ಮ 429ರ ಹುಡುಗಿ ಆಗ 462 ಆಗ್ತಾಳೆ. ಆದರೆ ಇಲ್ಲಿನ ಓದು ಅಲ್ಲಿ ಯಾವುದಕ್ಕೆ ಸಮ ಅಂತ ತೀರ್ಮಾನ ಮಾಡೋದು ಅವರು ಒಪ್ಪಿದ ಮೌಲ್ಯಮಾಪನ ಸಂಸ್ಥೆ. ಜಿಎನ್‌ಎಂ ಮಾಡಿದ ಮಗಳು ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮಾಡಲಾ ಅಂತ ಕೇಳಿದರೆ ಬೇಡ ಅನ್ನಬೇಡಿ. ಅದು ಇಲ್ಲೇ ಸರ್ಕಾರಿ ಕೆಲಸಕ್ಕೂ ಆಗುತ್ತೆ, ಅಲ್ಲಿಯ ಅಂಕಕ್ಕೂ ಆಗುತ್ತೆ. ಕಾಲೇಜು ಸೇರಿಸುವ ಮುಂಚೆ ಒಂದು ವಿಷಯ ವಿಚಾರಿಸಿ: ಅದಕ್ಕೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ, ನರ್ಸಿಂಗ್ ಕೌನ್ಸಿಲ್‌ನ ಮಾನ್ಯತೆ ಇದೆಯಾ? ಮಾನ್ಯತೆ ಇಲ್ಲದ ಕಾಲೇಜಿನ ಸರ್ಟಿಫಿಕೇಟಿಗೆ ಇಲ್ಲೂ ಬೆಲೆ ಇಲ್ಲ, ಅಲ್ಲೂ ಇಲ್ಲ.

ಮೂರು: ಕೆಲಸ ಮಾಡಿದರೆ ಸಾಲದು, ಕಾಗದ ಬೇಕು. ನಮ್ಮ ಹೆಣ್ಣುಮಕ್ಕಳು ಹೆಚ್ಚು ಕಳಕೊಳ್ಳೋದು ಇಲ್ಲೇ. ನರ್ಸಿಂಗ್ ಹೋಮ್‌ನಲ್ಲಿ ಮೂರು ವರ್ಷ ಹಗಲು ರಾತ್ರಿ ದುಡಿದಿರ್ತಾರೆ. ಸಂಬಳ ಕೈಗೆ ನಗದು. ನೇಮಕದ ಪತ್ರ ಇಲ್ಲ, ಸಂಬಳದ ಚೀಟಿ ಇಲ್ಲ. ಬಿಡುವಾಗ "ಒಳ್ಳೆಯ ಹುಡುಗಿ" ಅಂತ ಎರಡು ಸಾಲು ಬರೆದುಕೊಡ್ತಾರೆ. ಅದಕ್ಕೆ ಅಂಕ ಬರೋದಿಲ್ಲ. ಅವರು ಕೇಳೋ ಪತ್ರ ಬೇರೆ. ಆಸ್ಪತ್ರೆಯ ಲೆಟರ್‌ಹೆಡ್‌ನಲ್ಲಿ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಯಾವ ಹುದ್ದೆ, ಏನೇನು ಕೆಲಸ, ವಾರಕ್ಕೆ ಎಷ್ಟು ಗಂಟೆ, ಸಂಬಳ ಎಷ್ಟು, ಸಹಿ ಹಾಕಿದವರು ಯಾರು ಅಂತ ಪೂರ್ತಿ ಇರಬೇಕು. ಕೆನಡಾದವರು ವಾರಕ್ಕೆ 30 ಗಂಟೆಯನ್ನು ಪೂರ್ಣ ಕೆಲಸ ಅಂತ ಲೆಕ್ಕ ಹಾಕ್ತಾರೆ. ಆದ್ದರಿಂದ ಸೇರಿದ ದಿನವೇ ನೇಮಕದ ಪತ್ರ ಕೇಳಬೇಕು. ಸಂಬಳ ಬ್ಯಾಂಕಿಗೆ ಹಾಕಿಸಿಕೊಳ್ಳಬೇಕು. ಮೂಲ ಅಂಕಪಟ್ಟಿಯನ್ನು ಒತ್ತೆ ಇಡಿಸಿಕೊಳ್ಳುವ ಜಾಗಕ್ಕೆ ಕೊಡಬಾರದು.

ಬೇಲೂರಿನವರು ಇದ್ದೀರಲ್ಲ, ನಿಮ್ಮ ದೇವಸ್ಥಾನದಲ್ಲೇ ಇದಕ್ಕೆ ಉದಾಹರಣೆ ಇದೆ. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಸ್ಥಾನಕ್ಕೆ ಶಿಲ್ಪಿಗಳು ಬೇರೆ ಬೇರೆ ಊರಿನಿಂದ ಬಂದರು. ಶಿವಮೊಗ್ಗ ಕಡೆಯ ಬಳ್ಳಿಗಾವೆಯಿಂದ ದಾಸೋಜ, ಅವನ ಮಗ ಚಾವಣ ಬಂದಿದ್ದರು. ತಾವು ಕೆತ್ತಿದ ವಿಗ್ರಹದ ಕೆಳಗೆ ಹೆಸರು, ಊರು ಬರೆದಿಟ್ಟರು. ಅವರು ಯಾರು, ಎಲ್ಲಿಯವರು, ಏನು ಮಾಡಿದರು ಅಂತ ಒಂಬತ್ತು ನೂರು ವರ್ಷ ಆದಮೇಲೂ ನಮಗೆ ಗೊತ್ತಾಗುತ್ತೆ. ಹೆಸರು ಬರೆಯದವರೂ ಅಷ್ಟೇ ಚೆನ್ನಾಗಿ ಕೆತ್ತಿರಬಹುದು. ಆದರೆ ಅವರು ಯಾರು ಅಂತ ಹೇಳೋಕೆ ಇವತ್ತು ಯಾರಿಗೂ ಆಗೋದಿಲ್ಲ.

ನಾಲ್ಕು: ಹೆಸರು ಎಲ್ಲಾ ಕಡೆ ಒಂದೇ ಇರಲಿ. ನಮ್ಮ ಕಡೆ ಹೆಸರಿನ ಹಿಂದೆ ಊರಿನ ಒಂದು ಅಕ್ಷರ, ಅಪ್ಪನ ಹೆಸರಿನ ಒಂದು ಅಕ್ಷರ ಹಾಕೋದು ರೂಢಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ, ಮದುವೆ ಆದಮೇಲೆ ಬ್ಯಾಂಕ್ ಪುಸ್ತಕದಲ್ಲಿ ಗಂಡನ ಹೆಸರು. ಪಾಸ್‌ಪೋರ್ಟ್ ಮಾಡಿಸುವ ಮೊದಲೇ ಇದನ್ನು ಸರಿಮಾಡಿಸಿ. ಹುಟ್ಟಿದ ತಾರೀಖು ಕೂಡ ಹಾಗೆಯೇ. ಹತ್ತನೇ ತರಗತಿ ಪಾಸಾದ ಅಂಕಪಟ್ಟಿ ಜೋಪಾನ, ಅದು ಇದ್ದರೆ ಎಮಿಗ್ರೇಷನ್ ಕ್ಲಿಯರೆನ್ಸ್ ಬೇಡದ ಪಾಸ್‌ಪೋರ್ಟ್ ಸಿಗುತ್ತೆ. ಪಾಸ್‌ಪೋರ್ಟಿನ ಕೆಲಸಕ್ಕೆ ಈಗ ಬೆಂಗಳೂರಿಗೆ ಹೋಗಲೇಬೇಕಾಗಿಲ್ಲ, ಹಾಸನದ ಅಂಚೆ ಕಚೇರಿಯಲ್ಲೇ ಸೇವಾ ಕೇಂದ್ರ ಇದೆ.

ಐದು: ಸೊಸೆಯ ಅಂಕವನ್ನೂ ಎಣಿಸಿ. ಗಂಡ ಹೆಂಡತಿ ಇಬ್ಬರೂ ಹೊರಡುವಾಗ ನಮ್ಮಲ್ಲಿ ಗಂಡನ ಹೆಸರೇ ಮುಂದೆ. ಆದರೆ ಅರ್ಜಿಯಲ್ಲಿ ಯಾರು ಮುಖ್ಯ ಅರ್ಜಿದಾರರು ಅನ್ನೋದು ನಮ್ಮ ಇಷ್ಟ. ಇಬ್ಬರದೂ ಲೆಕ್ಕ ಹಾಕಿ, ಯಾರ ಹೆಸರಲ್ಲಿ ಹೆಚ್ಚು ಬರುತ್ತೋ ಅವರನ್ನು ಮುಂದೆ ಇಡಬೇಕು. ಎಷ್ಟೋ ಮನೆಯಲ್ಲಿ ಅದು ನರ್ಸ್ ಆಗಿರೋ ಸೊಸೆಯೇ ಆಗಿರ್ತಾಳೆ. ಹಿಂದೆ ಇರುವವರ ಓದಿಗೂ ಭಾಷೆಗೂ ಕೆನಡಾದಲ್ಲಿ 30 ಅಂಕದವರೆಗೆ ಇದೆ. ಆಸ್ಟ್ರೇಲಿಯಾದಲ್ಲಿ ಜೊತೆಗಾರರು ಇಂಗ್ಲಿಷ್ ಪರೀಕ್ಷೆ ಪಾಸಾದರೆ 5, ಬೇಕಾದ ಕಸುಬಿನವರೂ ಆಗಿದ್ದರೆ 10. ಇನ್ನೊಂದು ಮಾತು: ಎರಡೂ ದೇಶದವರು ಹೊರಗಿನ ಅನುಭವವನ್ನು ಹಿಂದಿನ 10 ವರ್ಷದೊಳಗಿನದು ಮಾತ್ರ ಎಣಿಸ್ತಾರೆ. ಮದುವೆ ಆದ ಕೂಡಲೇ ಕೆಲಸ ಬಿಡಿಸಿದರೆ, ಆ ಹೆಣ್ಣುಮಗಳು ಗಳಿಸಿದ ಅನುಭವ ವರ್ಷ ವರ್ಷ ಲೆಕ್ಕದಿಂದ ಜಾರುತ್ತೆ. ಅತ್ತೆಯಂದಿರೂ ಇಲ್ಲಿ ಇದ್ದೀರಿ, ಯೋಚನೆ ಮಾಡಿ.

ಕನ್ನಡಕ್ಕೂ ಅಂಕ ಇದೆ

ಆಸ್ಟ್ರೇಲಿಯಾದ ವಿಷಯ ಸ್ವಲ್ಪ ಹೇಳ್ತೀನಿ. ಅಲ್ಲಿ ಕಡಿಮೆ ಅಂದರೆ 65 ಅಂಕ ಬೇಕು. ನಾವು ಮೊದಲು ಹೇಳಿದ ಹುಡುಗಿಗೆ ವಯಸ್ಸಿಗೆ 30, ಪದವಿಗೆ 15, ಮೂರು ವರ್ಷದ ಅನುಭವಕ್ಕೆ 5, ಒಂಟಿಯಾಗಿ ಹೋಗುವುದಕ್ಕೆ 10. ಒಟ್ಟು 60. ಇಂಗ್ಲಿಷ್‌ನಲ್ಲಿ ನಾಲ್ಕರಲ್ಲೂ 6 ಇದ್ದರೆ ಅಂಕ ಸೊನ್ನೆ, ಹಾಗಾಗಿ ಬಾಗಿಲ ಹೊರಗೇ. ನಾಲ್ಕರಲ್ಲೂ 7 ಬಂದರೆ 10 ಸೇರಿ 70, ಒಳಗೆ. ನಾಲ್ಕರಲ್ಲೂ 8 ಬಂದರೆ 20 ಸೇರುತ್ತೆ.

ಇದಕ್ಕೆ ಇನ್ನೂ 5 ಅಂಕ ಸೇರಿಸುವ ದಾರಿ ನಮ್ಮ ನಾಲಿಗೆಯ ಮೇಲೇ ಇದೆ. ಆಸ್ಟ್ರೇಲಿಯಾದಲ್ಲಿ ನಾಟಿ ಅನ್ನೋ ಸಂಸ್ಥೆ ಒಂದು ಭಾಷಾ ಪರೀಕ್ಷೆ ನಡೆಸುತ್ತೆ. ಇಬ್ಬರು ಮಾತಾಡುವುದನ್ನು ಕೇಳಿ ಇಂಗ್ಲಿಷ್‌ನಿಂದ ನಮ್ಮ ಭಾಷೆಗೆ, ನಮ್ಮ ಭಾಷೆಯಿಂದ ಇಂಗ್ಲಿಷ್‌ಗೆ ಹೇಳಬೇಕು. ಆ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಪಾಸಾದರೆ 5 ಅಂಕ. ಆಸ್ಪತ್ರೆಗೆ ಬಂದ ಅಜ್ಜಿಯ ನೋವು ಏನು ಅಂತ ಡಾಕ್ಟರಿಗೆ ಇಂಗ್ಲಿಷ್‌ನಲ್ಲಿ ಹೇಳಿ, ಡಾಕ್ಟರು ಹೇಳಿದ್ದನ್ನು ಅಜ್ಜಿಗೆ ತಿಳಿಯೋ ಹಾಗೆ ಕನ್ನಡದಲ್ಲಿ ಹೇಳುವ ನರ್ಸ್ ಮಗಳಿಗೆ ಇದು ದಿನದ ಕೆಲಸ. ಇಂಗ್ಲಿಷ್ ಬರಬೇಕು ಅಂತ ಮನೆಯಲ್ಲಿ ಕನ್ನಡ ಬಿಡಿಸೋ ತಾಯಂದಿರು ಇದನ್ನು ಗಮನಿಸಿ. ಎರಡೂ ಚೆನ್ನಾಗಿ ಬರಬೇಕು.

ಐಟಿಐ, ಡಿಪ್ಲೊಮಾ ಮಕ್ಕಳಿಗೆ

ಎಲ್ಲರ ಮನೆಯಲ್ಲೂ ನರ್ಸ್ ಇಲ್ಲ. ಎರಡು ವರ್ಷದ ಐಟಿಐ ಮಾಡಿದ ಮಗ ಇದ್ದರೆ ಜರ್ಮನಿಯ ಕಡೆ ನೋಡಬಹುದು. 2024ರ ಜೂನ್ 1ರಿಂದ ಜರ್ಮನಿ ಅವಕಾಶ ಕಾರ್ಡ್ ಅಂತ ಒಂದು ಕೊಡ್ತಿದೆ. ಒಂದು ವರ್ಷ ಅಲ್ಲಿಗೇ ಹೋಗಿ ಕೆಲಸ ಹುಡುಕಬಹುದು. ಕಡಿಮೆ ಅಂದರೆ ಎರಡು ವರ್ಷದ, ಸರ್ಕಾರ ಒಪ್ಪಿದ ತರಬೇತಿ ಇರಬೇಕು, ಆ ಸರ್ಟಿಫಿಕೇಟನ್ನು ಅಲ್ಲಿನವರೂ ಪರಿಶೀಲಿಸಿ ಒಪ್ಪಬೇಕು. ಅದರ ಮೇಲೆ 6 ಅಂಕ ಬೇಕು.

35 ಒಳಗಿನ ವಯಸ್ಸಿಗೆ 2. ಕಲಿತ ಕಸುಬಿನಲ್ಲೇ ಹಿಂದಿನ ಐದು ವರ್ಷದಲ್ಲಿ ಎರಡು ವರ್ಷದ ಅನುಭವಕ್ಕೆ 2. ಜರ್ಮನ್ ಭಾಷೆಯಲ್ಲಿ ಎ-2 ಹಂತಕ್ಕೆ 1, ಬಿ-1 ಹಂತಕ್ಕೆ 2. ಎ-2ಗೇ ನಿಲ್ಲಿಸಿದ ಹುಡುಗನಿಗೆ 5. ಇನ್ನೊಂದು ಹಂತ ಕಲಿತವನಿಗೆ 6. ಒಂದೇ ಒಂದು ಅಂಕದಲ್ಲಿ ಒಬ್ಬ ಒಳಗೆ, ಒಬ್ಬ ಹೊರಗೆ. ಆದರೆ ಅಲ್ಲಿ ಇರುವಷ್ಟು ದಿನ ಊಟಕ್ಕೆ, ಮನೆಗೆ ದುಡ್ಡಿದೆ ಅಂತ ತೋರಿಸಬೇಕು. 2025ರ ಲೆಕ್ಕದಲ್ಲಿ ಅದು ತಿಂಗಳಿಗೆ 1,091 ಯೂರೊ, ನಮ್ಮ ದುಡ್ಡಿನಲ್ಲಿ ಲಕ್ಷಕ್ಕೂ ಮೇಲೆ. ಆದ್ದರಿಂದ ಇದು ಎಲ್ಲರಿಗೂ ಆಗುವ ದಾರಿ ಅಂತ ನಾನು ಹೇಳೋದಿಲ್ಲ. ಇಲ್ಲೇ ಒಳ್ಳೆಯ ಕಾರ್ಖಾನೆಯಲ್ಲಿ ನಾಲ್ಕು ವರ್ಷ ದುಡಿದು, ಭಾಷೆ ಕಲಿತು, ದುಡ್ಡು ಕೂಡಿಟ್ಟು ಹೋಗುವವರಿಗೆ ಸರಿ.

ಸಂಘದ ಸಾಲ ಎಲ್ಲಿಗೆ ಹೋಗಬೇಕು?

ಇದು ಇವತ್ತಿನ ಮುಖ್ಯ ಮಾತು. ಇಂಗ್ಲಿಷ್ ಅಥವಾ ಜರ್ಮನ್ ತರಗತಿಗೆ ಸಾಲ ಕೊಡಿ. ಪರೀಕ್ಷೆಯ ಶುಲ್ಕಕ್ಕೆ ಕೊಡಿ. ಪಾಸ್‌ಪೋರ್ಟಿಗೆ, ವಿಶ್ವವಿದ್ಯಾಲಯದಿಂದ ಅಂಕಪಟ್ಟಿಯ ಪ್ರತಿ ತರಿಸೋಕೆ, ಓದಿನ ಮೌಲ್ಯಮಾಪನಕ್ಕೆ ಕೊಡಿ. ಇವೆಲ್ಲಾ ರಸೀದಿ ಸಿಗುವ ಖರ್ಚು. ಹೋಗೋಕೆ ಆಗದೇ ಹೋದರೂ ಮಗಳ ಇಂಗ್ಲಿಷ್ ಉಳಿಯುತ್ತೆ, ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಅದಕ್ಕೆ ಸಂಬಳ ಹೆಚ್ಚು ಸಿಗುತ್ತೆ.

ಒಂದು ಎಚ್ಚರ. ಭಾಷಾ ಪರೀಕ್ಷೆಯ ಫಲಿತಾಂಶ ಕೆನಡಾದವರಿಗೆ ಎರಡು ವರ್ಷ ಮಾತ್ರ, ಓದಿನ ಮೌಲ್ಯಮಾಪನ ಐದು ವರ್ಷ ಮಾತ್ರ ನಡೆಯುತ್ತೆ. ಆದ್ದರಿಂದ ಅನುಭವ ತುಂಬುವ ಹೊತ್ತಿಗೆ ಸರಿಯಾಗಿ ಪರೀಕ್ಷೆ ಬರೆಯಬೇಕು, ಬಹಳ ಮುಂಚೆ ಬರೆದು ದುಡ್ಡು ಕಳೆಯಬಾರದು.

ಇನ್ನೊಂದು ಎಚ್ಚರ ದೊಡ್ಡದು. ಇಲ್ಲಿಂದ ನೇರವಾಗಿ ಅರ್ಜಿ ಹಾಕುವವರು ಅಲ್ಲಿ ಹೋಗಿ ನೆಲೆ ನಿಲ್ಲೋಕೆ ದುಡ್ಡು ಇದೆ ಅಂತ ಕೆನಡಾದವರಿಗೆ ತೋರಿಸಬೇಕು. ಒಬ್ಬರಿಗೆ 2025ರ ಲೆಕ್ಕದಲ್ಲಿ 15 ಸಾವಿರ ಡಾಲರ್‌ಗೂ ಸ್ವಲ್ಪ ಮೇಲೆ, ನಮ್ಮ ಒಂಬತ್ತು ಲಕ್ಷ ರೂಪಾಯಿಗೂ ಹೆಚ್ಚು. ಈ ದುಡ್ಡು ಬೇರೆಯವರಿಂದ ತಂದ ಸಾಲ ಆಗಿರಬಾರದು ಅಂತ ನಿಯಮ ಇದೆ. "ಸಂಘದಿಂದ ತಂದು ಒಂದು ತಿಂಗಳು ಅಕೌಂಟಿನಲ್ಲಿ ಇಡಿ, ಆಮೇಲೆ ತೆಗೆದುಬಿಡಿ" ಅಂತ ಹೇಳಿಕೊಡುವವರು ಇದ್ದಾರೆ. ಅದಕ್ಕೆ ಕೈ ಹಾಕಬೇಡಿ. ಸುಳ್ಳು ದಾಖಲೆ ಕೊಟ್ಟದ್ದು ಗೊತ್ತಾದರೆ ಐದು ವರ್ಷ ಕೆನಡಾದ ಬಾಗಿಲು ಮುಚ್ಚುತ್ತೆ. ಸುಳ್ಳು ಅನುಭವ ಪತ್ರ, ಬೇರೆಯವರಿಂದ ಬರೆಸಿದ ಪರೀಕ್ಷೆ, ಎಲ್ಲಕ್ಕೂ ಇದೇ ಗತಿ. ಏಜೆಂಟ್ ಬರೆದು ಹಾಕಿದ ಸುಳ್ಳಿಗೂ ಸಹಿ ಮಾಡಿದ ಮಗಳೇ ಹೊಣೆ.

ಏಜೆಂಟರ ವಿಷಯ

ಏಜೆಂಟರೆಲ್ಲಾ ಕೆಟ್ಟವರು ಅಂತ ಹೇಳ್ತಿಲ್ಲ. ಅರ್ಜಿ ತುಂಬೋಕೆ ತಿಳಿದವರ ಸಹಾಯ ಬೇಕಾಗಬಹುದು. ಆದರೆ ಅವರು ಮಾಡೋದು ಅರ್ಜಿ ಬರೆಯುವ ಕೆಲಸ ಮಾತ್ರ. ಕೊಡುವ ಮುಂಚೆ ಈ ಪ್ರಶ್ನೆಗಳನ್ನು ಕೇಳಿ.

ಕೆನಡಾದ ವಲಸೆ ಅರ್ಜಿಯನ್ನು ದುಡ್ಡು ತೆಗೆದುಕೊಂಡು ಮಾಡಿಕೊಡುವವರಿಗೆ ಆ ದೇಶದ ಪರವಾನಗಿ ಇರಬೇಕು. ನಂಬರು ಕೇಳಿ, ಓದಿದ ಮಕ್ಕಳ ಕೈಲಿ ಪರೀಕ್ಷೆ ಮಾಡಿಸಿ.

ಹೊರದೇಶದ ಕೆಲಸಕ್ಕೆ ಜನ ಕಳಿಸುವವರು 1983ರ ಎಮಿಗ್ರೇಷನ್ ಕಾಯ್ದೆಯ ಪ್ರಕಾರ ಭಾರತ ಸರ್ಕಾರದಲ್ಲಿ ನೋಂದಣಿ ಆಗಿರಬೇಕು. ಇ-ಮೈಗ್ರೇಟ್ ಅನ್ನೋ ಸರ್ಕಾರಿ ಜಾಲತಾಣದಲ್ಲಿ ಅವರ ಹೆಸರು ಇರುತ್ತೆ. ಅವರು ಕೆಲಸಗಾರರಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆ, ಅಷ್ಟೇ. ಐದು ಲಕ್ಷ, ಹತ್ತು ಲಕ್ಷ ಕೇಳಿದರೆ ಅದು ಕಾನೂನಿನ ಲೆಕ್ಕ ಅಲ್ಲ.

ರಸೀದಿ ಇಲ್ಲದೆ ನಗದು ಕೊಡಬೇಡಿ. ಮೂಲ ದಾಖಲೆ ಬಿಟ್ಟು ಬರಬೇಡಿ. ಖಾಲಿ ಹಾಳೆಗೆ ಸಹಿ ಬೇಡ, ಇದು ಸಂಘದಲ್ಲಿ ನೀವು ಮೊದಲ ದಿನ ಕಲಿತ ಪಾಠವೇ ಅಲ್ವಾ?

ಹಳೆಯ ಸುದ್ದಿ ನಂಬಬೇಡಿ. ನಿಯಮ ಬದಲಾಗುತ್ತಾ ಇರುತ್ತೆ. ಮುಂಚೆ ಕೆನಡಾದಲ್ಲಿ ಕೆಲಸದ ಆಫರ್ ಇದ್ದರೆ 50 ಅಥವಾ 200 ಅಂಕ ಇತ್ತು. ದುಡ್ಡಿಗೆ ಸುಳ್ಳು ಆಫರ್ ಮಾರುವ ದಂಧೆ ಬೆಳೆದಿದ್ದರಿಂದ 2025ರ ಮಾರ್ಚ್‌ನಲ್ಲಿ ಆ ಅಂಕ ತೆಗೆದುಹಾಕಿದರು. ಈಗಲೂ "ಆಫರ್ ಲೆಟರ್ ಕೊಡಿಸ್ತೀನಿ, ಅಂಕ ಬರುತ್ತೆ" ಅಂದರೆ ಅದು ಮೋಸ. ಹಾಗೆಯೇ ಇಂಗ್ಲೆಂಡಿನಲ್ಲಿ ಮುದುಕರನ್ನು ನೋಡಿಕೊಳ್ಳುವ ಕೇರ್ ವರ್ಕರ್ ಕೆಲಸಕ್ಕೆ ಹೊರದೇಶದಿಂದ ಹೊಸಬರನ್ನು ಕರೆಸಿಕೊಳ್ಳೋದು 2025ರ ಜುಲೈ 22ಕ್ಕೆ ನಿಂತಿದೆ. ಆ ಹೆಸರಲ್ಲಿ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಸಹಾಯ ಬೇಕಾದರೆ ಕರ್ನಾಟಕ ಕೌಶಲ್ಯಾಭಿವೃದ್ಧಿ ನಿಗಮದಲ್ಲಿ ಅಂತಾರಾಷ್ಟ್ರೀಯ ವಲಸೆ ಕೇಂದ್ರ ಇದೆ. ಕೇಂದ್ರ ಸರ್ಕಾರದ ವಲಸಿಗರ ರಕ್ಷಣಾಧಿಕಾರಿ ಕಚೇರಿ ಬೆಂಗಳೂರಿನಲ್ಲಿದೆ. ಮೋಸ ಆಗಿದ್ದರೆ ಮರ್ಯಾದೆಗೆ ಅಂಜಿ ಸುಮ್ಮನಿರಬೇಡಿ, ಪೊಲೀಸ್ ಠಾಣೆಗೆ ಸಂಘದವರೆಲ್ಲಾ ಜೊತೆಗೆ ಹೋಗಿ.

ಕರೆ ಬಂದರೆ ಕೆಲಸ ಸಿಕ್ಕಿತು ಅಂತಲ್ಲ

ಇದನ್ನೂ ತಿಳಿದಿರಬೇಕು. ಅಂಕದಿಂದ ಸಿಗೋದು ಅಲ್ಲಿ ಇರುವ ಹಕ್ಕು. ನರ್ಸ್ ಆಗಿ ಕೆಲಸ ಮಾಡೋಕೆ ಅಲ್ಲಿನ ನರ್ಸಿಂಗ್ ಮಂಡಳಿಯ ನೋಂದಣಿ ಬೇರೆ ಬೇಕು. ಕೆನಡಾದ ಹೆಚ್ಚಿನ ಪ್ರಾಂತ್ಯಗಳಲ್ಲಿ ಅದಕ್ಕೆ ಎನ್‌ಕ್ಲೆಕ್ಸ್ ಅನ್ನೋ ಪರೀಕ್ಷೆ ಪಾಸಾಗಬೇಕು. ಅದರ ತಯಾರಿಯನ್ನು ಇಲ್ಲಿರುವಾಗಲೇ ಮಾಡಿಕೊಂಡವರಿಗೆ ಅಲ್ಲಿ ಹೋಗಿ ತಿಂಗಳುಗಟ್ಟಲೆ ಸುಮ್ಮನೆ ಕೂರುವ ಕಷ್ಟ ಕಡಿಮೆ. ಮೊದಲ ವರ್ಷ ಊರಿಗೆ ದುಡ್ಡು ಬರುತ್ತೆ ಅಂತ ನಂಬಿ ಇಲ್ಲಿ ಹೊಸ ಸಾಲ ಮಾಡಬೇಡಿ.

ಮುಂದಿನ ಸಭೆಗೆ ಮುಂಚೆ

ಮಾತು ಉದ್ದ ಆಯ್ತು. ಮನೆಗೆ ಹೋಗಿ ಮಾಡಬೇಕಾದ ಕೆಲಸ ಇಷ್ಟು.

1. ಹೊರಗೆ ಹೋಗಬೇಕು ಅನ್ನುವ ಮಗ, ಮಗಳು, ಸೊಸೆಯ ವಯಸ್ಸು, ಓದು, ಅನುಭವ ಒಂದು ಹಾಳೆಯಲ್ಲಿ ಬರೆಯಿರಿ.
2. ಎಲ್ಲಾ ದಾಖಲೆಗಳನ್ನು ಒಂದು ಕಡೆ ಇಟ್ಟು, ಹೆಸರೂ ಹುಟ್ಟಿದ ತಾರೀಖೂ ಒಂದೇ ಥರ ಇದೆಯಾ ನೋಡಿ.
3. ಕೆಲಸದಲ್ಲಿರುವವರು ನೇಮಕದ ಪತ್ರ, ಸಂಬಳದ ಚೀಟಿ ಕೇಳಿ ಪಡೆಯಲಿ.
4. ಸಂಘದಲ್ಲಿ ಒಂದು ತೀರ್ಮಾನ ಮಾಡಿ ನಡಾವಳಿಯಲ್ಲಿ ಬರೆಯಿರಿ: ಹೊರದೇಶದ ಹೆಸರಿನಲ್ಲಿ ಕೇಳುವ ಸಾಲವನ್ನು ರಸೀದಿ ಕೊಡುವ ಖರ್ಚಿಗೆ ಮಾತ್ರ, ಹಂತ ಹಂತವಾಗಿ ಕೊಡೋದು. ಏಜೆಂಟರ ಕೈಗೆ ಒಟ್ಟು ದುಡ್ಡಿಗಾಗಿ ಸಾಲ ಇಲ್ಲ.

ಈ ನಾಲ್ಕನೆಯದು ಮಾಡಿದರೆ ಇಲ್ಲಿರುವ ಎಷ್ಟೋ ಮನೆಯ ಓಲೆ, ತೋಟದ ಕಾಗದ ಉಳಿಯುತ್ತೆ. "ಸಂಘದಲ್ಲಿ ಹೀಗೆ ತೀರ್ಮಾನ ಆಗಿದೆ" ಅಂತ ಹೇಳಿದರೆ, ಮನೆಯಲ್ಲಿ ಒತ್ತಾಯ ಮಾಡುವವರಿಗೂ ಉತ್ತರ ಕೊಡೋಕೆ ನಿಮಗೆ ಧೈರ್ಯ ಬರುತ್ತೆ.

ಅರಸೀಕೆರೆಯವರಿಗೆ ಹೇಳಬೇಕಾಗಿಲ್ಲ, ತೆಂಗಿನ ಸಸಿ ನೆಟ್ಟ ವರ್ಷವೇ ಕಾಯಿ ಕೇಳುವವರು ಯಾರೂ ಇಲ್ಲ. ಐದಾರು ವರ್ಷ ನೀರು, ಗೊಬ್ಬರ. ಅಂಕವೂ ಅಷ್ಟೇ. ಓದುವ ಮಗಳಿಗೆ ಸಂಜೆ ಒಂದು ಗಂಟೆ ಮನೆಕೆಲಸ ಕಡಿಮೆ ಮಾಡಿ ಇಂಗ್ಲಿಷ್ ಓದೋಕೆ ಬಿಟ್ಟರೆ, ಅದೇ ಮೊದಲ ಅಂಕ.

 ಪ್ರಶ್ನೆಗಳಿದ್ದರೆ ಕೇಳಿ, ಚಹಾ ಬರುವವರೆಗೂ ಇಲ್ಲೇ ಇರ್ತೀನಿ.